ಕಡಿಮೆ ಬಜೆಟ್ಟಿನ ಗೇಮಿಂಗ್ ಕಂಪ್ಯೂಟರ್: ಲೆಕ್ಕ ಮಾನಿಟರಿನಿಂದ ಶುರುವಾಗಲಿ

ಕಡಿಮೆ ಹಣದಲ್ಲಿ ಗೇಮಿಂಗ್ ಕಂಪ್ಯೂಟರ್ ಕಟ್ಟಿಸಬೇಕೆಂದು ಹೊರಟವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಯಾವಾಗಲೂ ಒಂದೇ ಆಗಿರುತ್ತದೆ: ಯಾವ ಪ್ರೊಸೆಸರ್ ಹಾಕಿಸಲಿ? ನಾನು ಅದಕ್ಕೆ ಉತ್ತರ ಕೊಡುವ ಮೊದಲು ಮಾನಿಟರ್ ಯಾವುದು, ಆಡುವ ಆಟಗಳು ಯಾವುವು ಎಂದು ಕೇಳುತ್ತೇನೆ. ಕೆಲವರಿಗೆ ಇದು ಜಾರಿಕೊಳ್ಳುವ ಮಾತಿನಂತೆ ಕೇಳಿಸುತ್ತದೆ. ಆದರೆ ಹಣಕ್ಕೆ ಮಿತಿಯಿದ್ದಾಗ ಪ್ರತಿಯೊಂದು ಬಿಡಿಭಾಗದ ಆಯ್ಕೆಯೂ ಪರದೆಯಿಂದ ಹಿಂದಕ್ಕೆ ನಡೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪ್ರೊಸೆಸರಿನಿಂದ ಹೊರಟವರ ಹಣ ದಾರಿಯಲ್ಲೇ ಕರಗಿಹೋಗಿ, ಆಟಕ್ಕೆ ನಿಜವಾಗಿ ಬೇಕಾದ ಗ್ರಾಫಿಕ್ಸ್ ಕಾರ್ಡಿನ ಹೊತ್ತಿಗೆ ಜೇಬು ಬರಿದಾಗಿರುವುದನ್ನು ಸಾಕಷ್ಟು ನೋಡಿದ್ದೇನೆ.

1920×1080 ಪರದೆಯಲ್ಲಿ 20,73,600 ಪಿಕ್ಸೆಲ್‌ಗಳಿರುತ್ತವೆ. 2560×1440 ಪರದೆಯಲ್ಲಿ 36,86,400. 4ಕೆ (3840×2160) ಪರದೆಯಲ್ಲಿ 82,94,400, ಅಂದರೆ ಮೊದಲನೆಯದರ ಸರಿಯಾಗಿ ನಾಲ್ಕು ಪಟ್ಟು. ಸೆಕೆಂಡಿಗೆ 60 ಫ್ರೇಮ್ (ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರ) ಬೇಕೆಂದರೆ ಒಂದೊಂದು ಫ್ರೇಮನ್ನೂ ಸುಮಾರು 16.7 ಮಿಲಿಸೆಕೆಂಡಿನಲ್ಲಿ ಮುಗಿಸಬೇಕು; 144 ಬೇಕೆಂದರೆ ಆ ಅವಧಿ 6.9 ಮಿಲಿಸೆಕೆಂಡಿಗೆ ಇಳಿಯುತ್ತದೆ. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ ಎಂಬುದನ್ನು ಗಮನಿಸಬೇಕು. ಪಿಕ್ಸೆಲ್‌ಗಳಿಗೆ ಬಣ್ಣ ಕಟ್ಟುವ ಹೊರೆ ಗ್ರಾಫಿಕ್ಸ್ ಕಾರ್ಡಿನದು, ಪಿಕ್ಸೆಲ್ ಹೆಚ್ಚಿದಂತೆ ಅದು ಏರುತ್ತದೆ. ಪಾತ್ರಗಳು ಎಲ್ಲಿವೆ, ಗುಂಡು ಯಾರಿಗೆ ತಗುಲಿತು, ಯಾವ ವಸ್ತುವನ್ನು ಈ ಫ್ರೇಮಿನಲ್ಲಿ ಬಿಡಿಸಬೇಕು ಎಂಬ ಲೆಕ್ಕ ಪ್ರೊಸೆಸರಿನದು, ಪಿಕ್ಸೆಲ್ ಸಂಖ್ಯೆ ಬದಲಾದರೂ ಅದು ಬಹುಮಟ್ಟಿಗೆ ಅಷ್ಟೇ ಇರುತ್ತದೆ. ಹಾಗಾಗಿ ವ್ಯಾಲರಂಟ್ ಅಥವಾ ಕೌಂಟರ್-ಸ್ಟ್ರೈಕ್ 2 ಮಾತ್ರ ಆಡುತ್ತೇನೆ, ಸೆಕೆಂಡಿಗೆ ಇನ್ನೂರು ಫ್ರೇಮ್ ಬೇಕು ಎನ್ನುವವರಿಗೆ ಪ್ರೊಸೆಸರಿನ ಮೇಲೆ ಖರ್ಚು ಮಾಡುವುದು ನ್ಯಾಯವೇ. ಸೈಬರ್‌ಪಂಕ್ 2077ರಂಥ ಆಟವನ್ನು 60 ಫ್ರೇಮಿನಲ್ಲಿ ಚೆಂದವಾಗಿ ನೋಡಬೇಕೆನ್ನುವವರಿಗೆ ಅದೇ ಖರ್ಚು ದಂಡ.

ಈ ಕಾರಣಕ್ಕೇ, ಪ್ರೊಸೆಸರ್ ಮತ್ತು ಕಾರ್ಡಿನ ಹೆಸರು ಕೊಟ್ಟರೆ ಶೇಕಡಾ ಇಷ್ಟು ಬಾಟಲ್‌ನೆಕ್ (ಒಂದು ಭಾಗ ಇನ್ನೊಂದರ ವೇಗವನ್ನು ತಡೆಯುವುದು) ಎಂದು ಹೇಳಿಬಿಡುವ ಕ್ಯಾಲ್ಕ್ಯುಲೇಟರುಗಳನ್ನು ನಾನು ನಂಬುವುದಿಲ್ಲ. ಆಟ ಬದಲಾದರೆ ಉತ್ತರ ಬದಲಾಗುತ್ತದೆ, ಅದೇ ಆಟದಲ್ಲಿ ಸೆಟ್ಟಿಂಗ್ ಬದಲಾದರೂ ಬದಲಾಗುತ್ತದೆ. ನಿಮ್ಮ ಹಳೆಯ ಯಂತ್ರದಲ್ಲಿ ಯಾವುದು ಸೋಲುತ್ತಿದೆ ಎಂದು ತಿಳಿಯಬೇಕಾದರೆ ಆಟದ ರೆಸಲ್ಯೂಶನ್ನನ್ನು (ಪಿಕ್ಸೆಲ್ ಸಂಖ್ಯೆಯನ್ನು) ಒಮ್ಮೆ ಇಳಿಸಿ ನೋಡಿ. ಫ್ರೇಮುಗಳು ಏರಿದರೆ ಕಾರ್ಡು ಸೋಲುತ್ತಿತ್ತು. ಕದಲದೆ ಅಲ್ಲೇ ನಿಂತರೆ ಬಹುಶಃ ಪ್ರೊಸೆಸರ್.

ಗ್ರಾಫಿಕ್ಸ್ ಕಾರ್ಡಿನ ವಿಚಾರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಒಟ್ಟು ಬಜೆಟ್ಟಿನ ಐದರಲ್ಲಿ ಎರಡು ಪಾಲಾದರೂ ಇಲ್ಲಿಗೆ ಹೋಗಬೇಕು ಎಂದು ಹೇಳುವವನು ನಾನು. ಮೊದಲು ನೋಡಬೇಕಾದದ್ದು ಕಾರ್ಡಿನ ಮೆಮೊರಿ. 1080ಪಿ (1920×1080) ಪರದೆಗೆ ಇವತ್ತು 8 ಜಿಬಿ ಎಂಬುದು ಕೆಳಗಿನ ಮಿತಿ, ಅದಕ್ಕಿಂತ ಕಡಿಮೆಯದನ್ನು ಹೊಸದಾಗಿ ಕೊಳ್ಳುವುದರಲ್ಲಿ ಅರ್ಥವಿಲ್ಲ. ಆ ಮೆಮೊರಿ ತುಂಬಿದ ಕ್ಷಣದಲ್ಲಿ ಏನಾಗುತ್ತದೆ ಎಂಬುದನ್ನು ಆರ್‌ಟಿಎಕ್ಸ್ 4060 ಎಂಬ ಕಾರ್ಡಿನ ಉದಾಹರಣೆಯಲ್ಲೇ ನೋಡಬಹುದು. ಅದರ ಸ್ವಂತ ಮೆಮೊರಿ ಸೆಕೆಂಡಿಗೆ 272 ಜಿಬಿ ವೇಗದಲ್ಲಿ ಮಾಹಿತಿ ಒದಗಿಸುತ್ತದೆ. 8 ಜಿಬಿ ಸಾಲದೆ ಹೋದಾಗ ಟೆಕ್ಸ್ಚರುಗಳು (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳು) ಕಂಪ್ಯೂಟರಿನ ರ‍್ಯಾಮಿಗೆ ಉಕ್ಕಿ, ಅಲ್ಲಿಂದ ಪಿಸಿಐ ಎಕ್ಸ್‌ಪ್ರೆಸ್ ಎಂಬ, ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ದಾರಿಯಲ್ಲಿ ವಾಪಸ್ ಬರಬೇಕಾಗುತ್ತದೆ. ಆ ಕಾರ್ಡಿಗಿರುವುದು 4.0 ತಲೆಮಾರಿನ ಎಂಟು ಲೇನ್ (ಮಾಹಿತಿ ಸಾಗುವ ಪಥ), ಅದರ ವೇಗ ಸೆಕೆಂಡಿಗೆ ಸುಮಾರು 16 ಜಿಬಿ. ಹದಿನೇಳು ಪಟ್ಟು ಕಿರಿದಾದ ದಾರಿ! ಸರಾಸರಿ ಫ್ರೇಮುಗಳ ಸಂಖ್ಯೆ ಆಗಲೂ ಚೆನ್ನಾಗಿಯೇ ಕಾಣಬಹುದು, ಆದರೆ ಮೂಲೆ ತಿರುಗುವಾಗ ಆಟ ತಟ್ಟನೆ ತಡವರಿಸುತ್ತದೆ, ಗೋಡೆಗಳು ಮಸುಕಾಗಿ ಬಂದು ಆಮೇಲೆ ಸ್ಪಷ್ಟವಾಗುತ್ತವೆ. ಆದ್ದರಿಂದ ವಿಮರ್ಶೆಗಳನ್ನು ಓದುವಾಗ ಸರಾಸರಿಗಿಂತ ಒಂದು ಶೇಕಡಾ ಕನಿಷ್ಠ (ಅತಿ ನಿಧಾನವಾದ ಶೇಕಡಾ ಒಂದರಷ್ಟು ಫ್ರೇಮುಗಳ ವೇಗ) ಎಂಬ ಅಂಕಿಯತ್ತ ಹೆಚ್ಚು ಗಮನ ಕೊಡಿ.

ಎರಡನೆಯದು ಈ ಲೇನ್‌ಗಳ ಸಂಖ್ಯೆಯೇ. 2022ರ ಜನವರಿಯಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡಿಗೆ 4 ಜಿಬಿ ಮೆಮೊರಿ, ನಾಲ್ಕೇ ಲೇನ್. ಅದನ್ನು ಹೊಸ ಬೋರ್ಡಿನಲ್ಲಿ ಹಾಕಿದರೆ ಹೇಗೋ ನಡೆಯುತ್ತದೆ; 3.0 ತಲೆಮಾರಿನ ಹಳೆಯ ಬೋರ್ಡಿನಲ್ಲಿ ಆ ದಾರಿಯೂ ಅರ್ಧವಾಗಿ ಸೆಕೆಂಡಿಗೆ ಸುಮಾರು 4 ಜಿಬಿಗೆ ಇಳಿಯುತ್ತದೆ. ಇಂಥ ಅಗ್ಗದ ಕಾರ್ಡನ್ನು ಕೊಳ್ಳುವವರಲ್ಲಿ ಬಹುಪಾಲು ಜನ ಹಳೆಯ ಬೋರ್ಡಿಗೆ ಹಾಕಲೆಂದೇ ಕೊಳ್ಳುತ್ತಾರೆ ಎಂಬುದು ತಯಾರಿಸಿದವರಿಗೆ ಗೊತ್ತಿರಲಿಲ್ಲ ಎಂದರೆ ನಾನು ನಂಬಲಾರೆ.

ಮೂರನೆಯದು ಹೆಸರು. ಡಬ್ಬಿಯ ಮೇಲಿನ ದೊಡ್ಡ ಅಕ್ಷರಗಳನ್ನು ಮಾತ್ರ ಓದಿದವರು ಇಲ್ಲಿ ಮೋಸ ಹೋಗುತ್ತಾರೆ. ಜಿಟಿ 1030 ಮೊದಲು ಜಿಡಿಡಿಆರ್5 ಮೆಮೊರಿಯೊಂದಿಗೆ ಬಂತು, ವೇಗ ಸೆಕೆಂಡಿಗೆ 48 ಜಿಬಿ. 2018ರಲ್ಲಿ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯ ಇನ್ನೊಂದು ಕಾರ್ಡ್ ಬಂತು, ವೇಗ 17 ಜಿಬಿಗೂ ಕಡಿಮೆ. ಜಿಟಿಎಕ್ಸ್ 1060ರ 3 ಜಿಬಿ ಮತ್ತು 6 ಜಿಬಿ ಕಾರ್ಡುಗಳ ನಡುವಿನ ವ್ಯತ್ಯಾಸ ಮೆಮೊರಿಯಷ್ಟೇ ಎಂದು ಬಹಳ ಜನ ತಿಳಿದಿದ್ದರು, ಆದರೆ ಮೊದಲನೆಯದರಲ್ಲಿ 1152 ಕೋರ್ (ಲೆಕ್ಕ ಮಾಡುವ ಘಟಕ), ಎರಡನೆಯದರಲ್ಲಿ 1280. ಆರ್‌ಟಿಎಕ್ಸ್ 3060ರ 12 ಜಿಬಿ ಕಾರ್ಡಿಗೆ 192 ಬಿಟ್ ಬಸ್ (ಮೆಮೊರಿಗೆ ಹೋಗುವ ದಾರಿ) ಇದ್ದರೆ ಆಮೇಲೆ ಬಂದ 8 ಜಿಬಿ ಕಾರ್ಡಿಗೆ 128 ಬಿಟ್. ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡಿನಲ್ಲೂ ಇದೇ ಕಥೆ. ಆರ್‌ಟಿಎಕ್ಸ್ 5060 ಟಿಐ, ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ 8 ಮತ್ತು 16 ಜಿಬಿಗಳಲ್ಲಿ ಒಂದೇ ಹೆಸರಿನಡಿ ಸಿಗುತ್ತವೆ, ಹಾಗಾಗಿ ಅಂಗಡಿಯವರಿಗೆ ಹೆಸರಿನ ಜೊತೆ ಮೆಮೊರಿಯನ್ನೂ ಬಿಡಿಸಿ ಹೇಳಬೇಕು.

ಇಂಟೆಲ್ ಕಂಪನಿಯ ಆರ್ಕ್ ಬಿ580 2024ರ ಡಿಸೆಂಬರಿನಲ್ಲಿ 12 ಜಿಬಿಯೊಂದಿಗೆ ಬಂದಾಗ ಕಡಿಮೆ ಬಜೆಟ್ಟಿನವರಿಗೆ ನಿಜವಾಗಿಯೂ ಒಳ್ಳೆಯ ಆಯ್ಕೆಯೊಂದು ದೊರೆಯಿತು. ಒಂದೇ ಎಚ್ಚರಿಕೆ: ಬೋರ್ಡಿನ ಬಯಾಸಿನಲ್ಲಿ (ಯಂತ್ರ ಚಾಲೂ ಆದಾಗ ಮೊದಲು ಓಡುವ ಮೂಲ ತಂತ್ರಾಂಶ) ರಿಸೈಜಬಲ್ ಬಾರ್ ಎಂಬ, ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರಿಗೆ ಒಮ್ಮೆಗೇ ತೆರೆದಿಡುವ ಸೌಲಭ್ಯ ಇರಬೇಕು, ಪ್ರೊಸೆಸರ್ ತೀರಾ ಹಳೆಯದಾಗಿರಬಾರದು. ಐದಾರು ವರ್ಷದ ಯಂತ್ರಕ್ಕೆ ಕಾರ್ಡು ಮಾತ್ರ ಬದಲಿಸುವವರಿಗಿಂತ ಹೊಸದಾಗಿ ಕಟ್ಟುವವರಿಗೇ ಅದು ಒಪ್ಪುತ್ತದೆ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಮುಂತಾದ ಅಪ್‌ಸ್ಕೇಲಿಂಗ್ ತಂತ್ರಗಳು (ಕಡಿಮೆ ಪಿಕ್ಸೆಲ್‌ಗಳಲ್ಲಿ ಬಿಡಿಸಿದ ಚಿತ್ರವನ್ನು ಹಿಗ್ಗಿಸುವಂಥವು) ಉಪಯುಕ್ತವೇ. ಆದರೆ ಫ್ರೇಮ್ ಜನರೇಷನ್ ತೋರಿಸುವ ದೊಡ್ಡ ಸಂಖ್ಯೆಯನ್ನು ನೋಡಿ ಕಾರ್ಡು ಆರಿಸಬೇಡಿ. ಸೆಕೆಂಡಿಗೆ 30 ಫ್ರೇಮ್ ಕೊಡುತ್ತಿರುವ ಕಾರ್ಡು ನಡುನಡುವೆ ಹೊಸ ಫ್ರೇಮುಗಳನ್ನು ತುಂಬಿ 60 ಎಂದು ತೋರಿಸಬಹುದು, ಮೌಸ್ ಅಲುಗಿಸಿದಾಗ ಕೈಗೆ ಸಿಗುವ ಅನುಭವ ಮಾತ್ರ 30ರದ್ದೇ.

ಪ್ರೊಸೆಸರಿನ ವಿಷಯದಲ್ಲಿ ಆರು ಕೋರ್, ಹನ್ನೆರಡು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ) ಇದ್ದರೆ ಸಾಕು. ಎಎಂಡಿಯ ರೈಜನ್ 5 5600, ಇಂಟೆಲಿನ ಕೋರ್ ಐ5-12400ಎಫ್ ಎರಡೂ ಈ ವರ್ಗದವೇ, ಎರಡರ ಜೊತೆಗೂ ಕೂಲರ್ ಪೆಟ್ಟಿಗೆಯಲ್ಲೇ ಬರುತ್ತದೆ. ಹಣ ಉಳಿಸಲು ರೈಜನ್ 5 5500 ತೆಗೆದುಕೊಳ್ಳುವವರು ಅದರ ಎಲ್3 ಕ್ಯಾಶ್ (ಪ್ರೊಸೆಸರಿನ ಒಳಗಿನ ವೇಗದ ಮೆಮೊರಿ) 32ರ ಬದಲು 16 ಎಂಬಿ ಎಂಬುದನ್ನೂ, ಪಿಸಿಐ ಎಕ್ಸ್‌ಪ್ರೆಸ್ 3.0ಗೇ ನಿಲ್ಲುತ್ತದೆ ಎಂಬುದನ್ನೂ ತಿಳಿದಿರಬೇಕು. ಎಂಟು ಲೇನ್‌ಗಳ ಕಾರ್ಡಿನ ಜೊತೆ ಈ ಎರಡನೆಯ ಮಿತಿ ಮೇಲೆ ಹೇಳಿದ ತೊಂದರೆಯನ್ನು ಹೆಚ್ಚಿಸುತ್ತದೆ. ಇಂಟೆಲ್ ಹೆಸರಿನ ಕೊನೆಯ ಎಫ್ ಅಕ್ಷರಕ್ಕೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಕಾರ್ಡು ಕೆಟ್ಟ ದಿನ ಪರದೆಯಲ್ಲಿ ಏನೂ ಮೂಡುವುದಿಲ್ಲ.

ಎಎಂ4 ಎಂಬುದು ಎಎಂಡಿ ಪ್ರೊಸೆಸರ್ ಕೂರುವ ಹಳೆಯ ಸಾಕೆಟ್, ರೈಜನ್ 2017ರಲ್ಲಿ ಮೊದಲು ಬಂದದ್ದು ಅದರ ಮೇಲೆಯೇ. ಎಎಂ5 ಬಂದದ್ದು 2022ರಲ್ಲಿ, ಅದಕ್ಕೆ ಡಿಡಿಆರ್5 ರ‍್ಯಾಮ್ ಕಡ್ಡಾಯ. ಬಜೆಟ್ ತೀರಾ ಬಿಗಿಯಾಗಿದ್ದರೆ ಎಎಂ4 ಹಾಕಿಸಿ, ಉಳಿದ ಹಣವನ್ನು ಕಾರ್ಡಿಗೆ ಕೊಡಿ ಎನ್ನುತ್ತೇನೆ. ಮೂರು ವರ್ಷ ಬಿಟ್ಟು ಪ್ರೊಸೆಸರ್ ಬದಲಿಸುವ ಯೋಚನೆ ನಿಜವಾಗಿಯೂ ಇದ್ದವರು ಮಾತ್ರ ಎಎಂ5ಗೆ ಹೆಚ್ಚಿನ ಹಣ ತೆರಲಿ. ಆ ಯೋಚನೆ ಇದೆ ಎಂದು ಎಲ್ಲರೂ ಹೇಳುತ್ತಾರೆ, ಮಾಡುವವರು ಕಡಿಮೆ. ಮದರ್‌ಬೋರ್ಡಿನ ದೀಪಾಲಂಕಾರಕ್ಕೆ ಕೊಡುವ ಹಣ ಒಂದು ಫ್ರೇಮನ್ನೂ ಹೆಚ್ಚಿಸದು. ಎಎಂ4ರಲ್ಲಾದರೆ ಬಿ550 ಚಿಪ್‌ಸೆಟ್ಟಿನ ಸಾಧಾರಣ ಬೋರ್ಡ್ ಸಾಕು, ಏಕೆಂದರೆ ಎ520 ಪಿಸಿಐ ಎಕ್ಸ್‌ಪ್ರೆಸ್ 3.0 ದಾಟುವುದಿಲ್ಲ.

ರ‍್ಯಾಮ್ 16 ಜಿಬಿ ಇರಲಿ, ಅದೂ 8ರ ಎರಡು ಪಟ್ಟಿಗಳಲ್ಲಿ. ಒಂದೇ ಪಟ್ಟಿ ಹಾಕಿದರೆ ಮೆಮೊರಿಯ ಎರಡು ಚಾನೆಲ್‌ಗಳಲ್ಲಿ ಒಂದು ಖಾಲಿ ಕೂರುತ್ತದೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕುವುದು ವಾಡಿಕೆ. ಹಾಕಿದ ಮೇಲೆ ಬಯಾಸಿಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ (ಮೆಮೊರಿಯನ್ನು ಅದರ ಡಬ್ಬಿಯ ಮೇಲಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಚಾಲೂ ಮಾಡದಿದ್ದರೆ 3600ರ ರ‍್ಯಾಮ್ 2133ರಲ್ಲೋ 2666ರಲ್ಲೋ ಓಡುತ್ತಿರುತ್ತದೆ, ಯಾರಿಗೂ ತಿಳಿಯುವುದೇ ಇಲ್ಲ. 2025ರ ಕೊನೆಯ ತಿಂಗಳುಗಳಿಂದ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದಾಗಿ ರ‍್ಯಾಮ್ ಬೆಲೆ ವಿಪರೀತ ಏರಿದೆ. ಹೀಗಿರುವಾಗ 32 ಜಿಬಿಗೆ ಆಸೆಪಟ್ಟು ಕಾರ್ಡನ್ನು ಒಂದು ಮೆಟ್ಟಿಲು ಇಳಿಸುವುದು ನನಗಂತೂ ಸರಿಕಾಣದು.

ಹಣ ಉಳಿಸಬಾರದ ಜಾಗ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್. ಡಬ್ಬಿಯ ಮೇಲಿನ 500 ವಾಟ್ ಎಂಬ ಬರಹವನ್ನೂ 80 ಪ್ಲಸ್ ಮುದ್ರೆಯನ್ನೂ ನೋಡಿ ಕೊಳ್ಳುವವರೇ ಹೆಚ್ಚು. 80 ಪ್ಲಸ್ ಎಂಬುದು ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ತಲುಪುತ್ತದೆ ಎಂಬುದರ ಅಳತೆ, ಘಟಕದ ಬಾಳಿಕೆಗೆ ಅದು ಖಾತರಿ ಕೊಡುವುದಿಲ್ಲ. ನಿಜ ಗೊತ್ತಾಗುವುದು ಬದಿಯಲ್ಲಿ ಅಂಟಿಸಿದ ಚೀಟಿಯಿಂದ. ಅದರಲ್ಲಿ 3.3, 5 ಮತ್ತು 12 ವೋಲ್ಟುಗಳ ಮನೆಗಳಿರುತ್ತವೆ, ಪ್ರತಿಯೊಂದರ ಕೆಳಗೂ ಆಂಪಿಯರ್ ಬರೆದಿರುತ್ತದೆ. ಪ್ರೊಸೆಸರೂ ಕಾರ್ಡೂ ಎರಡೂ ಉಣ್ಣುವುದು 12 ವೋಲ್ಟಿನಿಂದ. ಆ ಮನೆಯಲ್ಲಿ 45 ಆಂಪಿಯರ್ ಎಂದಿದ್ದರೆ 12ರಿಂದ ಗುಣಿಸಿ, 540 ವಾಟ್ ಬಂತು. 550 ವಾಟಿನ ಘಟಕಕ್ಕೆ ಇದು ಪ್ರಾಮಾಣಿಕ ಲೆಕ್ಕ. 25 ಆಂಪಿಯರ್ ಎಂದಿದ್ದರೆ 300 ವಾಟ್ ಮಾತ್ರ, ಮೇಲೆ ಎಷ್ಟೇ ದೊಡ್ಡದಾಗಿ 500 ಎಂದು ಬರೆದಿರಲಿ. ಆರ್‌ಎಕ್ಸ್ 6600ಕ್ಕೆ 132 ವಾಟ್, ಆರ್‌ಟಿಎಕ್ಸ್ 4060ಗೆ 115 ವಾಟ್ ಸಾಕಾಗುವುದರಿಂದ ಈ ವರ್ಗದ ಯಂತ್ರಕ್ಕೆ ಒಳ್ಳೆಯ 550 ವಾಟಿನ ಘಟಕ ಧಾರಾಳವಾಯಿತು; ಹೆಸರಿಲ್ಲದ 750ಕ್ಕಿಂತ ಅದು ಎಷ್ಟೋ ಮೇಲು. ಕಾರ್ಡಿಗೆ ಬೇಕಾದ ಎಂಟು ಪಿನ್ನಿನ ಕನೆಕ್ಟರ್ ಇಲ್ಲವೆಂದು, ಡ್ರೈವ್‌ಗಳಿಗೆಂದು ಇರುವ ಸಾಟಾ ಕನೆಕ್ಟರಿನಿಂದ ಅಡಾಪ್ಟರ್ ಹಾಕುವುದನ್ನು ಮಾತ್ರ ಯಾರೂ ಮಾಡಬಾರದು: ಎಂಟು ಪಿನ್ನಿನದು 150 ವಾಟಿಗೆ ನಿಗದಿಯಾಗಿದೆ, ಸಾಟಾದ 12 ವೋಲ್ಟಿನ ಮಿತಿ 54 ವಾಟ್. ತಂತಿ ಕರಗಬಹುದು.

ಆಟಗಳನ್ನು ಉಳಿಸಿಡುವ ಎಸ್‌ಎಸ್‌ಡಿ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸೆಕೆಂಡಿಗೆ 3500 ಎಂಬಿಯ ಎನ್‌ವಿಎಂಇ ಎಸ್‌ಎಸ್‌ಡಿಗೂ 7000ದ್ದಕ್ಕೂ ಆಟ ತೆರೆದುಕೊಳ್ಳುವ ಸಮಯದಲ್ಲಿ ಇರುವ ಅಂತರ ಬಹುತೇಕ ಕಣ್ಣಿಗೆ ಕಾಣದು, ಆದ್ದರಿಂದ ವೇಗ ಬಿಟ್ಟು ಜಾಗ ಕೊಳ್ಳಿ; ದೊಡ್ಡ ಆಟಗಳು ಒಂದೊಂದೇ ನೂರು ಜಿಬಿ ದಾಟುತ್ತಿವೆ. ಕ್ಯಾಬಿನೆಟ್ಟಿನ ಮುಂಭಾಗ ಗಾಜಿನದಾಗಿರದೆ ಜಾಲರಿಯದಾಗಿರಲಿ, ಗಾಳಿ ಒಳಗೆ ಹರಿಯಬೇಕು.

ವಿಂಡೋಸ್ ಬದಲು ಲಿನಕ್ಸ್ ಹಾಕಿ ಹಣ ಉಳಿಸುವ ದಾರಿಯೂ ಈಗ ಗಂಭೀರವಾದದ್ದೇ. ವಾಲ್ವ್ ಕಂಪನಿ 2018ರಲ್ಲಿ, ವಿಂಡೋಸ್ ಆಟಗಳನ್ನು ಲಿನಕ್ಸಿನಲ್ಲಿ ಓಡಿಸುವ ಪ್ರೋಟಾನ್ ತಂದ ಮೇಲೆ ಅದರ ಆಟದಂಗಡಿ ಸ್ಟೀಮಿನ ಬಹಳಷ್ಟು ಆಟಗಳು ಅಲ್ಲಿ ಓಡುತ್ತವೆ. ಆದರೆ ವ್ಯಾಲರಂಟ್ ತನ್ನ ಆಂಟಿ-ಚೀಟ್ (ಮೋಸದಾಟ ತಡೆಯುವ ತಂತ್ರಾಂಶ) ಕಾರಣದಿಂದ ಓಡುವುದಿಲ್ಲ. ಆಡುವ ಆಟಗಳು ಯಾವುವು ಎಂದು ನಾನು ಮೊದಲೇ ಕೇಳುವುದಕ್ಕೆ ಇದೂ ಒಂದು ಕಾರಣ.

ಕೊನೆಯದಾಗಿ ಸೆಕೆಂಡ್ ಹ್ಯಾಂಡ್ ಕಾರ್ಡುಗಳು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ನಾಣ್ಯದ ಗಣಿಗಾರಿಕೆ (ಕಾರ್ಡುಗಳಿಂದ ಲೆಕ್ಕ ಮಾಡಿಸಿ ನಾಣ್ಯ ಗಳಿಸುವುದು) ನಿಂತ ಮೇಲೆ ಅಪಾರ ಸಂಖ್ಯೆಯ ಕಾರ್ಡುಗಳು ಮಾರಾಟಕ್ಕೆ ಬಂದವು. ಗಣಿಗಾರಿಕೆಯಲ್ಲಿ ದುಡಿದ ಕಾರ್ಡು ಎಂದ ಮಾತ್ರಕ್ಕೆ ನಾನು ದೂರ ಸರಿಯುವುದಿಲ್ಲ. ಅಂಥವುಗಳಲ್ಲಿ ಸಾಮಾನ್ಯವಾಗಿ ಸವೆಯುವುದು ಫ್ಯಾನು ಮತ್ತು ಥರ್ಮಲ್ ಪ್ಯಾಡ್, ಎರಡನ್ನೂ ಬದಲಿಸಬಹುದು. ಆದರೆ ಕೊಳ್ಳುವ ಮೊದಲು ಮಾರುವವರ ಎದುರೇ ನೋಡಬೇಕು. ಫ್ಯಾನನ್ನು ಬೆರಳಿನಿಂದ ತಿರುಗಿಸಿದರೆ ಕರಕರ ಎನ್ನದೆ, ಓಲಾಡದೆ ಸುತ್ತಬೇಕು. ಕಾರ್ಡನ್ನು ಯಂತ್ರಕ್ಕೆ ಹಾಕಿಸಿ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು ಕೋರ್‌ಗಳ ಸಂಖ್ಯೆ, ಮೆಮೊರಿ, ಬಸ್ಸಿನ ಅಗಲ ಮೂರನ್ನೂ ಹೆಸರಿಗೆ ತಾಳೆ ನೋಡಬೇಕು, ಏಕೆಂದರೆ ಹಳೆಯ ಕಾರ್ಡಿನ ಬಯಾಸ್ ತಿದ್ದಿ ಹೊಸದರ ಹೆಸರು ಕೊಟ್ಟು ಮಾರುವವರಿದ್ದಾರೆ. ಆಮೇಲೆ ಭಾರವಾದ ಆಟವೊಂದನ್ನು ಅರ್ಧ ಗಂಟೆ ಓಡಿಸಿ, ಕೋರ್ ತಾಪಮಾನಕ್ಕೂ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿಯ ಜಾಗ) ತಾಪಮಾನಕ್ಕೂ ಇರುವ ಅಂತರ ಗಮನಿಸಿ. ಅದು 30 ಡಿಗ್ರಿ ದಾಟುತ್ತಿದ್ದರೆ ಒಳಗಿನ, ಶಾಖ ದಾಟಿಸುವ ಪೇಸ್ಟ್ ಒಣಗಿರುವ ಸಾಧ್ಯತೆ ಹೆಚ್ಚು, ಬೆಲೆ ಇಳಿಸಿ ಎಂದು ಕೇಳಬಹುದು. ಪರದೆಯಲ್ಲಿ ಬಣ್ಣದ ಚುಕ್ಕೆಗಳು ಮಿನುಗಿದರೆ ಯಾವ ಬೆಲೆಗೂ ಬೇಡ. ಅರ್ಧ ಗಂಟೆ ಓಡಿಸಲು ಮಾರುವವರು ಒಪ್ಪದಿದ್ದರೆ ಕಾರ್ಡನ್ನು ಅಲ್ಲೇ ಬಿಟ್ಟು ಬನ್ನಿ.