ಗುಂಡಿಯಲ್ಲಿ ನಾಟಿ, ಪಾಲಿಕೆಯಲ್ಲಿ ಕೊಯ್ಲು

ನಮ್ಮ ಬೀದಿಯ ತಿರುವಿನಲ್ಲಿ ಒಂದು ಗುಂಡಿ ಇದೆ. ಮಳೆ ಬಂದರೆ ಸ್ಕೂಟರಿನ ಮುಂದಿನ ಗಾಲಿ ಅರ್ಧ ಮುಳುಗುತ್ತದೆ. ದಾವಣಗೆರೆ ಅಂದಮೇಲೆ ಗೊತ್ತಲ್ಲ, ಭದ್ರಾ ನಾಲೆಯ ಕೊನೆ ಭಾಗದ ರೈತರು ನೀರು ಬರಲಿಲ್ಲ ಅಂತ ಮತ್ತೆ ಮತ್ತೆ ರಸ್ತೆಗಿಳಿಯುತ್ತಾರೆ. ನಮ್ಮ ಗುಂಡಿಗೆ ಆ ಚಿಂತೆಯಿಲ್ಲ. ಕೆಳಗೆ ಪೈಪು ಒಡೆದಿದೆ. ಬೇಸಿಗೆಯಲ್ಲೂ ಕೊನೆ ಭಾಗಕ್ಕೆ ನೀರು.

ನಮ್ಮ ವಾರ್ಡಿನ ಅಣ್ಣ ರಾಜಕೀಯವಾಗಿ ಹುಟ್ಟಿದ್ದು ಈ ಗುಂಡಿಯಲ್ಲೇ.

ಆಗ ಅವರು ಬರೀ ಹೋರಾಟಗಾರ. ಒಂದು ಬೆಳಿಗ್ಗೆ ಭತ್ತದ ಸಸಿ ಎರಡು ಕಟ್ಟು ತಂದರು. ಪ್ಯಾಂಟು ಮೊಳಕಾಲಿಗೆ ಮಡಚಿ ಗುಂಡಿಗೆ ಇಳಿದು ನಾಟಿ ಮಾಡಿದರು. ಫೋಟೋದವರು ಬರುವುದು ತಡವಾಯಿತು. ನೆಟ್ಟಿದ್ದನ್ನು ಕಿತ್ತು ಮತ್ತೆ ನೆಟ್ಟರು. ಟೀವಿಯವರು ಬಂದಾಗ ಇನ್ನೊಮ್ಮೆ. ಎದುರುಮನೆ ಅಜ್ಜಿ ಗದ್ದೆಯಲ್ಲಿ ದುಡಿದ ಜೀವ, ನೋಡಿ ನೋಡಿ ತಡೆಯಲಾಗಲಿಲ್ಲ. "ಇಷ್ಟು ಒತ್ತಾಗಿ ಹಚ್ಚಬಾರದಪ್ಪ, ತೆಂಡೆ ಒಡೆಯಲ್ಲ" ಅಂದರು.

ಆಮೇಲೆ ಖಾಲಿ ಕೊಡದ ಮೆರವಣಿಗೆ. ಕೊಡಗಳನ್ನೂ ಅಣ್ಣನೇ ತಂದಿದ್ದರು. ಎಲ್ಲಾ ಹಸಿರು, ಬೆಲೆಯ ಚೀಟಿ ಇನ್ನೂ ಅಂಟಿತ್ತು. ನಾನೂ ಒಂದು ಹಿಡಿದು ಜಯದೇವ ಸರ್ಕಲ್‌ವರೆಗೆ ಹೋಗಿದ್ದೆ. ವಾಪಸ್ ಕೊಡಬೇಕು ಅಂತ ಯಾರೂ ಹೇಳಲಿಲ್ಲ. ಈಗ ಅದರಲ್ಲಿ ಅಕ್ಕಿ ಹಾಕಿಟ್ಟಿದ್ದೇನೆ.

ಮನವಿ ಕೊಡುವುದನ್ನಂತೂ ಅಣ್ಣನಿಂದಲೇ ಕಲಿಯಬೇಕು. ಕೊಡುವವರು ಒಂದು ತುದಿ ಹಿಡಿಯಬೇಕು, ಸಾಹೇಬರು ಇನ್ನೊಂದು ತುದಿ. ಇಬ್ಬರೂ ಕ್ಯಾಮೆರಾ ನೋಡಬೇಕು. ಹಾಳೆಯನ್ನು ಯಾರೂ ನೋಡಬಾರದು.

ಈ ನಡುವೆ ಊರು ಬೆಳೆಯುತ್ತಲೇ ಇತ್ತು ಅನ್ನಿ. 2007ರಲ್ಲಿ ನಗರಸಭೆ ಹೋಗಿ ಮಹಾನಗರ ಪಾಲಿಕೆ ಬಂತು. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ ನಮ್ಮ ಹೆಸರು. ನಗರಸಭೆ ಗುಂಡಿಯಾಗಿದ್ದದ್ದು ಮಹಾನಗರ ಗುಂಡಿಯಾಯಿತು, ಈಗ ಸ್ಮಾರ್ಟ್ ಗುಂಡಿ. ಕೂತಲ್ಲೇ ಎರಡು ಬಡ್ತಿ! ನಮ್ಮ ಮನೆಯವರಿಗೆ ಇಪ್ಪತ್ತು ವರ್ಷ ದುಡಿದರೂ ಒಂದೇ ಸಿಕ್ಕಿದ್ದು.

ಟಿಕೆಟ್ ಸಿಕ್ಕಿತು. ಯಾರ ವಿರುದ್ಧ ಧಿಕ್ಕಾರ ಕೂಗಿದ್ದರೋ ಅವರ ಪಕ್ಷದಿಂದಲೇ. 45 ವಾರ್ಡುಗಳಲ್ಲಿ ನಮ್ಮದೊಂದರಲ್ಲಿ ಅಣ್ಣ ಗೆದ್ದರು. ಗೆದ್ದ ದಿನ ಸೇಬಿನ ಹಾರ ಹಾಕಲು ಕ್ರೇನು ಬಂತು. ಕ್ರೇನಿನ ಗಾಲಿ ಅದೇ ಗುಂಡಿಯಲ್ಲಿ ಹೂತುಹೋಯಿತು. ಎಳೆಯಲು ಇನ್ನೊಂದು ಕ್ರೇನು. ಹುಡುಗರು ಸೇಬು ಕಿತ್ತುಕೊಂಡು ಓಡಿದರು. ಗುಂಡಿ ಒಂದು ಅಡಿ ಅಗಲವಾಯಿತು.

ಹೋದ ತಿಂಗಳು ಧೈರ್ಯ ಮಾಡಿ ಅಣ್ಣನ ಮನೆಗೆ ಹೋದೆ.

"ಅಣ್ಣಾರ, ಆ ಗುಂಡಿ..."

"ಯಾವ ಗುಂಡಿರೀ ಅಕ್ಕಾರ?"

ಅವರ ಕುರ್ಚಿಯ ಹಿಂದೆ ಗೋಡೆ ಮೇಲೆ ದೊಡ್ಡ ಫೋಟೋ. ಗಂಧದ ಹಾರ ಬೇರೆ. ಫೋಟೋದಲ್ಲಿ ಅಣ್ಣ ಗುಂಡಿಯೊಳಗೆ ಬಗ್ಗಿ ಸಸಿ ಹಚ್ಚುತ್ತಿದ್ದಾರೆ. ನಾನು ಸುಮ್ನೆ ಅದರ ಕಡೆ ಕೈ ತೋರಿಸಿದೆ.

ಅಣ್ಣನ ಕಣ್ಣು ತುಂಬಿ ಬಂತು. "ಅದು ನಮ್ಮ ತವರುಮನೆ ಇದ್ದಂಗರೀ. ಹೆಂಗ್ ಮುಚ್ಚಲಿ?" ಅಂದರು. ಆಮೇಲೆ ಕಣ್ಣೊರೆಸಿಕೊಂಡು, ರಸ್ತೆ ಪಾಲಿಕೆಯದ್ದು, ಪೈಪು ಬೇರೆಯವರದ್ದು, ಅನುದಾನ ಇನ್ನೂ ಬಂದಿಲ್ಲ, ತಾಂತ್ರಿಕ ತೊಂದರೆ ಜಾಸ್ತಿ ಎಂದು ವಿವರಿಸಿದರು. ಧರಣಿ ಕೂತಾಗ ಇದೇ ಗುಂಡಿಗೆ ಎರಡು ಟ್ರ್ಯಾಕ್ಟರ್ ಜಲ್ಲಿ, ಒಂದು ದಿನದ ಕೆಲಸ ಅಂತ ಮೈಕಿನಲ್ಲಿ ಲೆಕ್ಕ ಕೊಟ್ಟವರು ಇವರೇ. ಪಾಪ, ಆಗ ತಾಂತ್ರಿಕ ಜ್ಞಾನ ಇರಲಿಲ್ಲ ಅಲ್ವಾ?

ಮೊನ್ನೆ ಬೆಳಿಗ್ಗೆ ಪಕ್ಕದ ಬೀದಿಯ ಹುಡುಗನೊಬ್ಬ ಪ್ಯಾಂಟು ಮಡಚಿ ಗುಂಡಿಗೆ ಇಳಿದಿದ್ದ. ಕೈಯಲ್ಲಿ ಭತ್ತದ ಸಸಿ. ಅಜ್ಜಿ ಬಾಗಿಲಲ್ಲಿ ಕೂತು ನೋಡುತ್ತಿದ್ದರು.

"ಈ ಹುಡುಗ ಪರವಾಗಿಲ್ಲ. ಅಂತರ ಬಿಟ್ಟು ಹಚ್ತಾನೆ."

ಸಂಜೆ ಅವನೇ ನಮ್ಮ ಮನೆಗೆ ಬಂದ. "ಅಕ್ಕಾರ, ಖಾಲಿ ಕೊಡ ಇದ್ರೆ ಕೊಡ್ರಿ, ನಾಳೆ ಧರಣಿ ಐತಿ."

ಅಕ್ಕಿಯನ್ನು ಡಬ್ಬಿಗೆ ಸುರಿದು ಕೊಡ ಕೊಟ್ಟೆ.