ಕಕ್ಕಡ ತಿಂಗಳಲ್ಲಾದರೂ ಹೋಂಸ್ಟೇ ಬಾಗಿಲು ಹಾಕಿ

ನಾನಿರುವ ಫ್ಲೋರಿಡಾದ ನೈಋತ್ಯ ಕರಾವಳಿಯಲ್ಲಿ, ನೇಪಲ್ಸ್ ಊರಿನ ಸುತ್ತಮುತ್ತ, ಪ್ರವಾಸಿಗರ ಕಾಲ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಹಿಮಕ್ಕೆ ಬೇಸತ್ತು ಮಿಷಿಗನ್, ಒಹಾಯೊ, ಕೆನಡಾ ಕಡೆಯಿಂದ ಬಂದವರು ಮೇ ಹೊತ್ತಿಗೆ ಗಂಟುಮೂಟೆ ಕಟ್ಟುತ್ತಾರೆ. ಆಮೇಲೆ ಸೆಕೆ, ಮಧ್ಯಾಹ್ನದ ಗುಡುಗು ಮಳೆ, ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಆತಂಕ. ಅದೇ ತಿಂಗಳುಗಳಲ್ಲಿ ಕೊಡಗಿನಲ್ಲಿ ಮುಂಗಾರು. ಎರಡೂ ಕಡೆ ಆಫ್ ಸೀಸನ್ನೇ. ಇಲ್ಲಿಯವರು ಸೀಸನ್ ಮುಗಿಯಿತೆಂದು ಒಪ್ಪಿಕೊಳ್ಳುತ್ತಾರೆ. ಕೊಡಗಿನ ಹೋಂಸ್ಟೇಗಳಲ್ಲಿ ಮಾತ್ರ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳ ಜಡಿಮಳೆಗೂ ‘ಮಾನ್ಸೂನ್ ಆಫರ್’ ಬೋರ್ಡು ಬೀಳುತ್ತದೆ.

ಇಲ್ಲಿ ಬೇಸಿಗೆಗೆ ಮನೆ ಮುಚ್ಚುವುದೇ ಒಂದು ಕಸುಬು. ನೀರಿನ ಮುಖ್ಯ ವಾಲ್ವ್ ಬಂದ್, ಗೀಸರ್ ಆಫ್, ಕಿಟಕಿಗಳಿಗೆ ಷಟರ್. ಎಸಿ ಮಾತ್ರ ಆಫ್ ಮಾಡುವಂತಿಲ್ಲ. ಸುಮಾರು 26 ಡಿಗ್ರಿಗೆ ಇಟ್ಟು, ಒಳಗಿನ ತೇವಾಂಶ ಶೇ 60 ದಾಟದಂತೆ ನೋಡಿಕೊಳ್ಳಬೇಕು. ಕೈಕೊಡುವುದು ಎಸಿಯ ನೀರು ಹೊರಹೋಗುವ ಸಣ್ಣ ಪೈಪು. ಅದರಲ್ಲಿ ಪಾಚಿ ಕಟ್ಟಿದರೆ ಕೆಳಗಿನ ತಟ್ಟೆಯಲ್ಲಿ ನೀರು ಏರುತ್ತದೆ, ಫ್ಲೋಟ್ ಸ್ವಿಚ್ ಎಸಿಯನ್ನೇ ನಿಲ್ಲಿಸುತ್ತದೆ, ನೋಡನೋಡುತ್ತಿದ್ದಂತೆ ಸೋಫಾ, ಗೋಡೆಗೆಲ್ಲ ಬೂಷ್ಟು. ಅದಕ್ಕೇ ಹೊರಡುವ ಮೊದಲು ಆ ಪೈಪಿಗೆ ವಿನೆಗರ್ ಸುರಿಯುತ್ತಾರೆ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಬಂದು ನೋಡಲು ಸಂಬಳ ಕೊಟ್ಟು ಒಬ್ಬರನ್ನು ಗೊತ್ತುಮಾಡುತ್ತಾರೆ. ಎಷ್ಟೋ ರೆಸ್ಟೋರೆಂಟುಗಳು ಸೆಪ್ಟೆಂಬರ್‌ನಲ್ಲಿ ಕೆಲವು ವಾರ ಬಾಗಿಲು ಹಾಕಿ ಅಡುಗೆಮನೆ ರಿಪೇರಿ ಮಾಡಿಸಿಕೊಳ್ಳುತ್ತವೆ. ಕಡಲತೀರ ಆಗ ಆಮೆಗಳದ್ದು. ಮೇ 1ರಿಂದ ಅಕ್ಟೋಬರ್ 31ರವರೆಗೆ ದಡದ ಮನೆಗಳವರು ರಾತ್ರಿ ಸಮುದ್ರದ ಕಡೆಯ ದೀಪ ಆರಿಸಬೇಕು. ಇಲ್ಲದಿದ್ದರೆ ಮೊಟ್ಟೆಯೊಡೆದ ಮರಿಗಳು ಬೆಳಕು ನಂಬಿ ರಸ್ತೆಯತ್ತ ತೆವಳುತ್ತವೆ.

ಕೊಡಗಿನ ಹಳೇ ಮನೆಗೆ ಈ ಯಂತ್ರಗಳ ಹಂಗಿರಲಿಲ್ಲ. ಮಳೆಗೆ ಮುಂಚೆ ಒಡೆದ ಹೆಂಚು ಬದಲಿಸಿ, ಸೌದೆ ಒಟ್ಟಿಕೊಂಡರೆ ದಿನವಿಡೀ ಉರಿಯುವ ಒಲೆಯೇ ಅಟ್ಟದವರೆಗೂ ಮನೆ ಒಣಗಿಸುತ್ತಿತ್ತು. ಈಗಿನ ಕಾಟೇಜುಗಳಲ್ಲಿ ಜಿಪ್ಸಂ ಸೀಲಿಂಗ್, ಗೋಡೆಗಂಟಿದ ಮಂಚ, ದಪ್ಪ ಹಾಸಿಗೆ. ಬಿಸಿಲು ಕಾಣದೆ ಎರಡು ವಾರ ಕಳೆದರೆ ಹಾಸಿಗೆಯ ತಳ ಕಪ್ಪಾಗುತ್ತದೆ. ಕರೆಂಟ್ ಹೋದರೆ ಬೆಡ್‌ಶೀಟ್ ಒಣಗುವ ಮಾತೇ ಇಲ್ಲ. ಹಾಸಿಗೆಯನ್ನು ಗೋಡೆಯಿಂದ ಒಂದಡಿ ದೂರ ನಿಲ್ಲಿಸಿ, ಬೀರು ಬಾಗಿಲು ತೆರೆದಿಟ್ಟು, ದಿನಕ್ಕೆರಡು ಗಂಟೆ ಕೋಣೆಗೆ ಬೆಂಕಿಯ ಶಾಖ ಕೊಟ್ಟರೆ ಉಳಿಯುತ್ತದೆ. ಅತಿಥಿ ಮಲಗಿರುವ ಕೋಣೆಯಲ್ಲಿ ಇದು ಆಗದ ಕೆಲಸ.

ಕೋಣೆಗಿಂತ ದೊಡ್ಡ ಚಿಂತೆ ಬರೆಯದ್ದು, ಅಂದರೆ ಮನೆಯ ಪಕ್ಕದ ಗುಡ್ಡದ ಇಳಿಜಾರಿನದ್ದು. 2018, 2019, 2020, ಮೂರು ವರ್ಷವೂ ಗುಡ್ಡ ಜೀವ ತೆಗೆದದ್ದು ಆಗಸ್ಟ್‌ನಲ್ಲೇ. ಎರಡು ತಿಂಗಳ ಮಳೆ ಕುಡಿದು ಭಾರವಾದ ಮಣ್ಣು, ಕಾರು ನಿಲ್ಲಿಸಲೆಂದು ಜೆಸಿಬಿಯಲ್ಲಿ ನೆಟ್ಟಗೆ ಕಡಿದ ಕಡೆ ಆಸರೆಯಿಲ್ಲದೆ ಜಾರುತ್ತದೆ. ಅಂಗಳದಲ್ಲಿ ಹೊಸ ಬಿರುಕು, ವಾಲಿದ ಮರ, ತಿಳಿಯಾಗಿದ್ದ ಒರತೆಯಲ್ಲಿ ಏಕಾಏಕಿ ಕೆಂಪು ನೀರು, ಇವುಗಳಲ್ಲಿ ಒಂದು ಕಂಡರೂ ಮನೆ ಬಿಡಬೇಕು. ಮನೆಯವರು ಬಿಡುತ್ತಾರೆ. ದಾರಿ ಗೊತ್ತಿಲ್ಲದ ಹತ್ತು ಜನ ಅತಿಥಿಗಳನ್ನು, ಮರ ಬಿದ್ದ ರಸ್ತೆಯಲ್ಲಿ, ನಡುರಾತ್ರಿ ಎಲ್ಲಿಗೆ ಕಳಿಸುವುದು?

ಕಕ್ಕಡ ಮೊದಲಿನಿಂದಲೂ ಮನೆಯವರ ತಿಂಗಳು. ಗದ್ದೆಯಲ್ಲಿ ನಾಟಿ, ತೋಟದಲ್ಲಿ ಕೊಳೆರೋಗ ಹಿಡಿಯದಂತೆ ಕಾಫಿ ಗಿಡಕ್ಕೆ ಅಂಟಿದ ಮರದೆಲೆ ಬಿಡಿಸುವ ಕೆಲಸ, ಅಡುಗೆಮನೆಯಲ್ಲಿ ಕಣಿಲೆ (ಎಳೆ ಬಿದಿರು), ಅಣಬೆ, ಏಡಿ. ಆಗಸ್ಟ್ 3ಕ್ಕೆ, ಅಂದರೆ ಕಕ್ಕಡ ಹದಿನೆಂಟಕ್ಕೆ, ಮದ್ದು ಸೊಪ್ಪು ಕುದಿಸಿ ಆ ಕಡುನೇರಳೆ ರಸದಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸ ಮಾಡುತ್ತಾರೆ. ಫ್ಲೋರಿಡಾದ ಬೀಗ ಹಾಕಿದ ಮನೆಗಳಿಗೆ ಇಂಥ ಬೇಸಿಗೆ ಇಲ್ಲ. ಇದನ್ನು ಅತಿಥಿ ಸೇವೆಯ ಗಡಿಬಿಡಿಯಲ್ಲಿ ಕಳೆದುಕೊಳ್ಳುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಸಾಲದ ಕಂತು ನಿಲ್ಲುವುದಿಲ್ಲ, ಅಡುಗೆಯವರು, ಡ್ರೈವರ್‌ಗಳು ಏನು ಮಾಡಬೇಕು ಎನ್ನುವವರಿದ್ದಾರೆ. ನ್ಯಾಯವಾದ ಮಾತು. ಆದರೆ ನಾನು ಹೇಳುತ್ತಿರುವುದು ಒಂದು ತಿಂಗಳು, ಇಡೀ ಮಳೆಗಾಲವಲ್ಲ. ದರ ಇಳಿಸಿ, ಜನರೇಟರ್ ಡೀಸೆಲ್, ಲಾಂಡ್ರಿ ಕಳೆದರೆ ಕಕ್ಕಡದಲ್ಲಿ ಕೈಗೆ ಸಿಗುವುದು ಎಷ್ಟೆಂದು ಲೆಕ್ಕ ಹಾಕಿ ನೋಡಲಿ. ಕೆಲಸದವರ ಆ ತಿಂಗಳ ಸಂಬಳವನ್ನು ಡಿಸೆಂಬರ್, ಮೇ ತಿಂಗಳ ದರದಲ್ಲೇ ಸೇರಿಸಿಡಬಹುದು. ಚರಂಡಿ ಬಿಡಿಸಲು, ಹಾಸಿಗೆ ಕಾಯಲು ಅವರೇ ಬೇಕು. ಬುಕಿಂಗ್ ಆ್ಯಪ್‌ನಲ್ಲಿ ದಿನಾಂಕಗಳನ್ನು ಏಪ್ರಿಲ್‌ನಲ್ಲೇ ಮುಚ್ಚಿಡಿ, ಉಳಿದ ಮಳೆ ದಿನಗಳಿಗೆ ರೆಡ್ ಅಲರ್ಟ್ ಬಂದರೆ ಪೂರ್ತಿ ಹಣ ವಾಪಸ್ ಎಂದು ಮೊದಲೇ ಬರೆದಿಡಿ. ಮುಂಗಡ ಹೋಗುತ್ತದೆಂಬ ಹಟಕ್ಕೆ ಯಾರೂ ಮಡಿಕೇರಿ ಘಾಟಿ ಹತ್ತುವುದಿಲ್ಲ.