ಸತ್ಯಾಂಶ: ಪ್ರೀತಿಯಲ್ಲಿದ್ದರೆ ಕೆರಿಯರ್ ಹಾಳಾಗುತ್ತದೆಯೇ?

“ಜೀವನದಲ್ಲಿ ಮೇಲೆ ಬರಬೇಕಾ? ಮೊದಲು ಪ್ರೀತಿ-ಗೀತಿ ಬಿಡಿ” ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಲೇ ಇರುತ್ತದೆ. ಅನುಮಾನ, ದಿನಾ ಜಗಳ ಇರುವ ಸಂಬಂಧ ನಿದ್ದೆಯನ್ನೂ ಗಮನವನ್ನೂ ಕೆಡಿಸುತ್ತದೆ, ನಿಜ. ಆ ದೋಷವನ್ನು ಎಲ್ಲ ಸಂಬಂಧಗಳ ತಲೆಗೆ ಕಟ್ಟುವುದು ತಪ್ಪು.

ಅಮೆರಿಕದ ಸಂಶೋಧಕರಾದ ಬ್ರಿಟನಿ ಸಾಲೊಮನ್ ಮತ್ತು ಜೋಶುವಾ ಜಾಕ್ಸನ್ 2014ರಲ್ಲಿ ಆಸ್ಟ್ರೇಲಿಯಾದ 4,500ಕ್ಕೂ ಹೆಚ್ಚು ವಿವಾಹಿತರ ಐದು ವರ್ಷಗಳ ಮಾಹಿತಿ ಪರಿಶೀಲಿಸಿದರು. ಸಂಗಾತಿ ಹೊಣೆಯರಿತು ಅಚ್ಚುಕಟ್ಟಾಗಿ ನಡೆಯುವವರಾಗಿದ್ದರೆ ಇನ್ನೊಬ್ಬರ ಆದಾಯ, ಬಡ್ತಿಯ ಸಾಧ್ಯತೆ, ಕೆಲಸದ ತೃಪ್ತಿ ಹೆಚ್ಚಿದ್ದವು. ಮನೆಗೆಲಸದ ಹೊರೆ ಹಂಚಿಹೋಗುವುದು, ಒಳ್ಳೆಯ ಅಭ್ಯಾಸ ಒಬ್ಬರಿಂದೊಬ್ಬರಿಗೆ ಅಂಟುವುದು ಇದಕ್ಕೆ ಕಾರಣ ಎಂಬುದು ಅವರ ವಿವರಣೆ.

ಆದರೆ ನೆರವು ಕೊಡುವ ರೀತಿ ಮುಖ್ಯ. ನ್ಯೂಯಾರ್ಕ್‌ನಲ್ಲಿ ವಕೀಲಿಕೆ ಪರೀಕ್ಷೆಗೆ ಓದುತ್ತಿದ್ದವರನ್ನೂ ಅವರ ಸಂಗಾತಿಗಳನ್ನೂ ಮನೋವಿಜ್ಞಾನಿ ನಿಯಾಲ್ ಬೋಲ್ಗರ್ ತಂಡ ಅಧ್ಯಯನ ಮಾಡಿತು. ವರದಿ ಬಂದದ್ದು 2000ದಲ್ಲಿ. ಎದ್ದು ಕಾಣುವಂತೆ ಹೇಳಿದ ಸಮಾಧಾನ ಕೆಲವೊಮ್ಮೆ ಬೇಸರವನ್ನೇ ಹೆಚ್ಚಿಸಿತು. ಗೊತ್ತಾಗದಂತೆ ಕೊಟ್ಟ ನೆರವು ಮನಸ್ಸನ್ನು ಹಗುರ ಮಾಡಿತು. ಪದೇ ಪದೇ ಧೈರ್ಯ ಹೇಳಿದರೆ “ನನ್ನ ಕೈಲಾಗಲ್ಲ ಅಂದ್ಕೊಂಡಿದ್ದಾರಾ?” ಎಂಬ ಶಂಕೆ ಹುಟ್ಟಬಹುದು.

ಹಾಗಾಗಿ ಸಂಗಾತಿಗೆ ಕೆಎಎಸ್ ಪರೀಕ್ಷೆ ಅಥವಾ ಇಂಟರ್‌ವ್ಯೂ ಇರುವ ವಾರ “ಟೆನ್ಷನ್ ಮಾಡ್ಕೋಬೇಡ” ಎಂದು ಹತ್ತು ಸಲ ಹೇಳುವ ಬದಲು ಕರೆಂಟ್ ಬಿಲ್ ಕಟ್ಟಿ, ಗ್ಯಾಸ್ ಬುಕ್ ಮಾಡಿ, ಬಂದ ನೆಂಟರನ್ನು ನೀವೇ ಮಾತಾಡಿಸಿ. ದೂರದಲ್ಲಿರುವ ಜೋಡಿಗಳು ಫೋನಿಗೆ ರಾತ್ರಿ ಒಂದು ಹೊತ್ತು ಗೊತ್ತು ಮಾಡಿಕೊಳ್ಳಲಿ. ಓದುವ ಹೊತ್ತಲ್ಲಿ ಮೆಸೇಜಿಗೆ ಉತ್ತರ ತಡವಾದರೆ ಅದನ್ನು ಜಗಳಕ್ಕೆ ತರಬೇಡಿ.